ಭಾನುವಾರದ ಬಾಡಿನ ಬಾಲ

ಸೋಮವಾರ ಬೆಳಿಗ್ಗೆ ಗೋಲಿಸೋಡದ ಸೀಸೆಗಳನ್ನು ತೊಳೆದು, ಒಂದೊಂದನ್ನೂ ಬಿಸಿಲಿಗೆ ಹಿಡಿದು, ಒಳಗೆ ಏನಾದರೂ ತೇಲುತ್ತಿದೆಯೇ ಎಂದು ನೋಡುತ್ತಾ ಕೂತಿದ್ದೆ. ನನ್ನ ಸೋಡ ಕುಡಿದು ಇದುವರೆಗೆ ಯಾರಿಗೂ ಒಂದು ಕೆಮ್ಮು ಕೂಡ ಬಂದಿಲ್ಲ. ಹೊಟ್ಟೆಗೆ ಹೋಗುವ ವಸ್ತುವಿನ ವಿಷಯದಲ್ಲಿ ನಾನು ಬಹಳ ಎಚ್ಚರ. ಅದು ಎಚ್ಚರವಲ್ಲ, ಪುಕ್ಕಲುತನ ಎಂದು ನನ್ನ ಹೆಂಡತಿ ನಿಂಗಾಜಮ್ಮ ಹೇಳುತ್ತಾಳೆ. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ತಮಟೆ ಸದ್ದಾಯಿತು. ಊರಿಗೆಲ್ಲ ಸುದ್ದಿ ಸಾರುವ ದೊಡ್ಡಯ್ಯ ಸರಿಯಾಗಿ ನಮ್ಮ ಮನೆಯ ಮುಂದೆಯೇ ಬಂದು ನಿಂತು ಗಂಟಲು ಸರಿಮಾಡಿಕೊಂಡ. "ಕೇಳ್ರಪ್ಪೋ ಕೇಳ್ರಿ! ನಿನ್ನೆ ಸಿದ್ರಾಮಣ್ಣನ ಅಂಗ್ಡೀಲಿ ಕುಯ್ದ ಮೂರು ಕುರೀಲಿ ಒಂದು ಮೇಕೆಯಂತೆ! ಯಾವುದು ಅಂತ ಗೊತ್ತಿಲ್ವಂತೆ! ತಗಂಡೋಗಿರೋರೆಲ್ಲ ಬಾಡು ವಾಪಸ್ ತಂದ್ಕೊಡ್ಬೇಕಂತೆ!"

ನನ್ನ ಕೈಯಲ್ಲಿದ್ದ ಸೀಸೆ ಜಾರಿ ಕಲ್ಲಿನ ಮೇಲೆ ಬಿದ್ದು ಚೂರುಚೂರಾಯಿತು. ನಿಂಗಾಜಿ ಬಾಗಿಲಿಗೆ ಬಂದು, "ತಿಂದಿರೋದ್ನ ಹೆಂಗಪ್ಪಾ ತಂದ್ಕೊಡೋದು?" ಎಂದು ಕೇಳಿದಳು. ದೊಡ್ಡಯ್ಯನಿಗೆ ಅದನ್ನು ಯಾರೂ ಹೇಳಿಕಳಿಸಿರಲಿಲ್ಲ. ತಮಟೆಯ ಕೋಲಿನಿಂದ ಬೆನ್ನು ಕೆರೆದುಕೊಂಡು ಯೋಚಿಸಿದ. "ಉಳ್ದಿದ್ರೆ ತಂದ್ಕೊಡಿ ಕಣವ್ವ. ತಿಂದೋರು ಈ ವಾರ ಯಾರ್ಗೂ ಮಾತು ಕೊಡಂಗಿಲ್ಲ. ಕೊಟ್ಟುಬಿಟ್ಟಿದ್ರೆ ಅದು ಲೆಕ್ಕಕ್ಕಿಲ್ಲ" ಎಂದು ಹೇಳಿ ತಮಟೆ ಬಡಿಯುತ್ತಾ ಮುಂದಿನ ಬೀದಿಗೆ ಹೋದ.

ನಮ್ಮೂರಿನಲ್ಲಿ ತಿಂದದ್ದರ ಗುಣ ಒಂದು ವಾರ ತಿಂದವರ ಮೈಯಲ್ಲಿ ಇರುತ್ತದೆ. ಅದಕ್ಕೆ ಹೊಂದಿಕೊಂಡೇ ನಾವೆಲ್ಲ ಸಂಸಾರ ಮಾಡಿಕೊಂಡು ಬಂದಿದ್ದೇವೆ. ಕೋಳಿ ತಿಂದ ಮನೆಯವರು ನಸುಕಿನಲ್ಲೇ ಎದ್ದು ಬೀದಿಯನ್ನೆಲ್ಲ ಎಬ್ಬಿಸುತ್ತಾರೆ. ಪರೀಕ್ಷೆಯ ತಿಂಗಳಲ್ಲಿ ಕೋಳಿ ಸಿಗುವುದೇ ಕಷ್ಟ. ಮೀನು ತಿಂದವರ ಹತ್ತಿರ ವ್ಯವಹಾರ ಮಾತಾಡಿ ಪ್ರಯೋಜನವಿಲ್ಲ, ಆಡಿದ್ದು ಅವರಿಗೆ ನೆನಪಿರುವುದಿಲ್ಲ. ಏಡಿ ತಿಂದವನನ್ನು ದಾರಿ ಕೇಳಬಾರದು. ಮಾಂಸ ಮುಟ್ಟದ ಪುರೋಹಿತರು ಕುಂಬಳಕಾಯಿ ತಿಂದು ಕೂತಲ್ಲಿಂದ ಏಳುವುದಿಲ್ಲ. ಇದರಲ್ಲೆಲ್ಲ ನಮಗೆ ವಿಶೇಷ ಏನೂ ಕಾಣುವುದಿಲ್ಲ. ಇನ್ನು ಹೆಣ್ಣು ನೋಡುವ ದಿನ ಎರಡೂ ಕಡೆಯವರಿಗೆ ಒಂದೇ ಕುರಿಯ ಊಟ ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಉಂಡು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಹಿರಿಯರೊಬ್ಬರು ತಲೆಯಾಡಿಸುತ್ತಾರೆ. ಅವರ ಹಿಂದೆ ಪಕ್ಕದವರು, ಅವರ ಹಿಂದೆ ಮಿಕ್ಕವರು, ಕೊನೆಗೆ ಹುಡುಗ ಹುಡುಗಿಯೂ ಆಡಿಸುತ್ತಾರೆ. ಹೀಗಾಗಿ ಹೆಣ್ಣು ನೋಡಿದ ಮೇಲೆ ಮುರಿದುಬಿದ್ದ ಸಂಬಂಧ ನಮ್ಮೂರಿನಲ್ಲಿ ಒಂದೂ ಇಲ್ಲ. ನನ್ನ ಮದುವೆಯೂ ಹಾಗೇ ಆದದ್ದು. ನಿಂಗಾಜಿ ತಲೆಯಾಡಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ: ಅವಳ ಅಜ್ಜಿ ಆಡಿಸಿದ ಮೇಲೆ, ಅವಳ ತಂಗಿ ಆಡಿಸುವ ಮುಂಚೆ.

ಮೇಕೆಯ ದಾರಿಯೇ ಬೇರೆ. ಮೇಕೆ ತಿಂದವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗುತ್ತಾರೆ. ಎತ್ತರ ಕಂಡರೆ ಹತ್ತುತ್ತಾರೆ, ಎಲ್ಲದಕ್ಕೂ ಬಾಯಿ ಹಾಕುತ್ತಾರೆ, ಹೇಳಿದ್ದಕ್ಕೆಲ್ಲ ಯಾಕೆ ಎನ್ನುತ್ತಾರೆ. ವಕೀಲರ ಮನೆಯವರನ್ನು ಬಿಟ್ಟರೆ ಅದನ್ನು ಕೇಳಿ ಕೊಳ್ಳುವವರು ನಮ್ಮಲ್ಲಿ ಇಲ್ಲ. ಅಂಥದ್ದು ಕುರಿಯ ಹೆಸರಿನಲ್ಲಿ ಮನೆಯೊಳಗೆ ಬಂದುಬಿಟ್ಟರೆ ಏನು ಗತಿ? ಅದೂ ಭಾನುವಾರ ನನ್ನ ಒಬ್ಬಳೇ ಮಗಳು ಕಮಲಿಯನ್ನು ನೋಡಲು ಗಂಡಿನವರು ಬಂದಿದ್ದ ದಿನ.

ಗಂಡಿನವರು ಅಂದರೆ ಬ್ಯಾಂಡ್‌ಸೆಟ್ಟಿನ ಚಿಕ್ಕಬೋರಯ್ಯನವರು. ಅವರ ಮಗ ಈರೇಶ ಕ್ಲಾರಿನೆಟ್ ಊದುತ್ತಾನೆ. ಒಳ್ಳೆಯ ಮನೆತನ, ಕಮಲಿಗೆ ಇದಕ್ಕಿಂತ ಒಳ್ಳೆಯ ಸಂಬಂಧ ಸಿಗುವುದಿಲ್ಲ ಎಂದು ನಾನು ನಿಶ್ಚಯ ಮಾಡಿಕೊಂಡಿದ್ದೆ. ಕಮಲಿ ಸೋಡ ಮಿಷನ್ನಿನ ಚಕ್ರ ತಿರುಗಿಸಿ ತಿರುಗಿಸಿ ಗಟ್ಟಿಯಾದ ಹುಡುಗಿ; ಅವಳ ಬಾಯಿ ಅವಳ ತೋಳಿಗಿಂತ ಗಟ್ಟಿ. ಕುರಿ ಇಲ್ಲದೆ ಅವಳನ್ನು ಒಪ್ಪಿಸುವುದು ನನ್ನ ಕೈಯಲ್ಲಿ ಆಗದ ಕೆಲಸ. ಅದಕ್ಕೇ ಸಿದ್ರಾಮಣ್ಣನಿಗೆ ಹೇಳಿ ಒಂದು ಕುರಿಯನ್ನು ಇಡಿಯಾಗಿ ತರಿಸಿದ್ದೆ.

ತಮಟೆ ದೂರವಾದ ಮೇಲೆ ನಾನು ಭಾನುವಾರ ಮಧ್ಯಾಹ್ನ ನಡೆದದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡೆ. ಊಟವಾದ ಮೇಲೆ ಚಿಕ್ಕಬೋರಯ್ಯನವರು ಕೂತಲ್ಲಿ ಕೂರಲಿಲ್ಲ. ಮನೆಯನ್ನೆಲ್ಲ ಸುತ್ತಿ, ಅಡುಗೆಮನೆಯ ಉಪ್ಪಿನಕಾಯಿ ಜಾಡಿಯೊಳಗೆ ಮೂಗು ತೂರಿಸಿದರು. ಅವರ ತಂಗಿ ಬಾಳೆಎಲೆಯ ಅಂಚನ್ನು ಹರಿದು ಹರಿದು ಅಗಿಯುತ್ತಿದ್ದರು. ಬ್ಯಾಂಡಿನವರಲ್ಲವೇ, ಸ್ವಲ್ಪ ಹಾಗೇ ಇರುತ್ತಾರೆ ಎಂದುಕೊಂಡಿದ್ದೆ. ತಲೆಯಾಡಿಸುವ ಹೊತ್ತು ಬಂದಾಗ ನಾನು ಆಡಿಸಿದೆ. ಯಾರೂ ನನ್ನ ಹಿಂದೆ ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಚಿಕ್ಕಬೋರಯ್ಯನವರು ಆಡಿಸಿದರು, ಅದೂ ಹಿತ್ತಲಿನಲ್ಲಿ ಒಬ್ಬರೇ ನಿಂತುಕೊಂಡು. ಅವರ ತಂಗಿ ಮದುವೆ ಯಾವ ತಿಂಗಳಲ್ಲಿ ಎಂದು ಜಗಳ ತೆಗೆದು, ಜಗಳ ಮುಗಿದ ಮೇಲೆ ಆಡಿಸಿದರು. ಕಮಲಿಯಂತೂ "ಯೋಚ್ನೆ ಮಾಡಿ ಹೇಳ್ತೀನಿ" ಎಂದು ಸೀರೆಯ ಸೆರಗು ಸಿಕ್ಕಿಸಿಕೊಂಡು ಹೋಗಿ ಸೀಬೆಮರ ಹತ್ತಿ ಕೂತಳು. ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ. ಸುಮಾರು ಹೊತ್ತಾದ ಮೇಲೆ ಇಳಿದು ಬಂದವಳು ಒಂದು ಸೀಬೆಹಣ್ಣನ್ನು ಕಚ್ಚಿ, ಮಿಕ್ಕಿದ್ದನ್ನು ಈರೇಶನ ಕೈಗೆ ಕೊಟ್ಟು, "ಹೂಂ" ಅಂದಳು. ಹೂಂ ಅಂದಳಲ್ಲ, ಮಿಕ್ಕಿದ್ದು ಹಾಳಾಗಲಿ ಎಂದು ನಾನು ಸಮಾಧಾನದ ಉಸಿರು ಬಿಟ್ಟಿದ್ದೆ.

ಈಗ ಆ ಹೂಂ ಲೆಕ್ಕಕ್ಕಿಲ್ಲ ಅಂದರೆ? ನಾನು ಮೊದಲು ಜೀರಿಗೆ ಕಷಾಯ ಕುಡಿದೆ, ಆಮೇಲೆ ಉಪ್ಪುನೀರು ಕುಡಿದೆ, ಆಮೇಲೆ ಎರಡು ಸೋಡ ಕುಡಿದೆ. ತೇಗು ಬಂತು, ಅದನ್ನೂ ಗಮನವಿಟ್ಟು ಕೇಳಿಸಿಕೊಂಡೆ. ತೇಗಿನ ಕೊನೆ ಸ್ವಲ್ಪ ನಡುಗಿದಂತೆ ಇತ್ತು. "ನಿಂಗಾಜಿ, ಇದು ಮೇಕೆಯ ದನಿ ಅನ್ನಿಸಲ್ವಾ?" ಎಂದೆ. "ಸೋಡದ ದನಿ" ಎಂದಳು. "ನೀನು ಹೆಂಗಿದೀಯ? ಎಲ್ಲಾದರೂ ಹತ್ತಬೇಕು ಅನ್ನಿಸ್ತಾ ಐತಾ?" "ಅನ್ನಿಸ್ದಾಗ ಹೇಳ್ತೀನಿ ಬುಡಿ" ಎಂದು ಅಕ್ಕಿ ಆರಿಸುತ್ತಾ ಕೂತಳು. ಅವಳು ಯಾವತ್ತೂ ಹಾಗೇ. ಏನು ತಿಂದರೂ ಅವಳ ಮುಖದಲ್ಲಿ ಏನೂ ಗೊತ್ತಾಗುವುದಿಲ್ಲ. ಕಮಲಿಯನ್ನು ಕೇಳಲು ಹೋದರೆ, "ಅಪ್ಪಾ, ಮೊದ್ಲು ಆ ಪೆಟ್ಟಿಗೆಗಳ ಮೇಲಿಂದ ಇಳಿ, ಸೀಸೆ ಒಡೆದಾವು" ಅಂದಳು. ನೋಡಿಕೊಂಡರೆ ನಾನು ಸೋಡಪೆಟ್ಟಿಗೆಗಳ ಅಟ್ಟಿಯ ತುತ್ತತುದಿಯಲ್ಲಿ ನಿಂತಿದ್ದೆ. ಏನೋ ತೆಗೆದುಕೊಳ್ಳಲು ಹತ್ತಿದೆ ಎಂದುಕೊಂಡೆ. ಏನು ಎಂದು ಮಾತ್ರ ನೆನಪಾಗಲಿಲ್ಲ.

ಪಾತ್ರೆಯ ತಳದಲ್ಲಿ ಉಳಿದಿದ್ದ ಎಸರು, ನಾಲ್ಕು ತುಂಡು ತೆಗೆದುಕೊಂಡು ಸಿದ್ರಾಮಣ್ಣನ ಅಂಗಡಿಗೆ ಹೋದೆ. ಅಂಗಡಿಯ ಮುಂದೆ ಜಾತ್ರೆಯಷ್ಟು ಜನ. ಒಬ್ಬರು ಡಬ್ಬಿಯಲ್ಲಿ ಹಳಸಿದ ಸಾರು ತಂದಿದ್ದರು, ಒಬ್ಬರು ಚೀಪಿ ಬೆಳ್ಳಗೆ ಮಾಡಿದ ಮೂಳೆಗಳನ್ನು ಕಾಗದದಲ್ಲಿ ಕಟ್ಟಿ ತಂದಿದ್ದರು. ಸಿದ್ರಾಮಣ್ಣ ಎಲ್ಲವನ್ನೂ ಒಂದು ತಗಡಿನ ಡ್ರಮ್ಮಿಗೆ ಸುರಿಯುತ್ತಾ, ಬಂದವರಿಗೆಲ್ಲ ಅದೇ ಮಾತನ್ನು ಹೇಳುತ್ತಿದ್ದ. "ನನ್ ತಪ್ಪೇನ್ರಪ್ಪ? ಮೂರೂ ಒಂದ್ರ ಹಿಂದೆ ಒಂದು ತಲೆ ತಗ್ಗಿಸ್ಕಂಡು ಬಂದ್ವು. ಕುರಿ ಅನ್ನೋಕೆ ಇನ್ನೇನು ನೋಡ್ಬೇಕು?" ಅವನ ಮಾತು ನ್ಯಾಯವೇ. ನಮ್ಮೂರಿನಲ್ಲಿ ಯಾರೂ ಕೊಂಬು ನೋಡುವುದಿಲ್ಲ, ಉಣ್ಣೆ ನೋಡುವುದಿಲ್ಲ. ನಡತೆ ನೋಡುತ್ತೇವೆ. ಪಕ್ಕದಲ್ಲಿ ಕುರಿ ಕಾಯುವ ಕೆಂಚಣ್ಣ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದ. ತಬ್ಬಲಿ ಮೇಕೆಮರಿ ಒಂದು ಅವನ ಮಂದೆಯಲ್ಲೇ ಬೆಳೆದಿತ್ತಂತೆ. ಹಗಲೆಲ್ಲ ಕುರಿಗಳ ಹಿಂದೆಯೇ ನಡೆಯುತ್ತಿತ್ತಂತೆ, ಸಂಜೆ ಎಲ್ಲ ಮಲಗಿದ ಮೇಲೆ ಮಾತ್ರ ಒಂದೇ ಹೋಗಿ ದೊಡ್ಡಿಯ ಗೋಡೆ ಹತ್ತಿ ನಿಲ್ಲುತ್ತಿತ್ತಂತೆ. ನಿನ್ನೆ ಸಂಜೆ ಗೋಡೆ ಖಾಲಿ ಇದ್ದದ್ದನ್ನು ಕಂಡಾಗಲೇ ಅವನಿಗೆ ಗೊತ್ತಾದದ್ದು.

ಮಿಕ್ಕ ಎರಡು ಕುರಿಗಳಲ್ಲಿ ಒಂದು ಹೆಡ್‌ಮಾಸ್ಟರರ ನಿವೃತ್ತಿಯ ಊಟಕ್ಕೆ ಹೋಗಿತ್ತು, ಇನ್ನೊಂದನ್ನು ಕುಂಬಾರ ಬೀದಿಯವರು ಗುಡ್ಡೆ ಹಾಕಿ ಹಂಚಿಕೊಂಡಿದ್ದರು. "ನಮ್ಮದು ಅಪ್ಪಟ ಕುರಿ. ಊಟವಾದ ಮೇಲೆ ನಾನು ಅತ್ತೆ, ಹಿಂದೆಯೇ ಎಲ್ಲರೂ ಒಟ್ಟಿಗೆ ಅತ್ತರು. ನನ್ನನ್ನು ಕಂಡರಾಗದ ಡ್ರಿಲ್ ಮೇಷ್ಟ್ರೂ ಅತ್ತರು" ಎಂದು ಹೆಡ್‌ಮಾಸ್ಟರರು ಎದೆ ತಟ್ಟಿ ಹೇಳಿದರು. ಕುಂಬಾರ ಬೀದಿಯವರಂತೂ ಉಂಡೆದ್ದವರೇ ಸಾಲಾಗಿ ಹೋಗಿ ಚರಂಡಿ ಬಳಿದಿದ್ದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. "ನಿಮ್ಮಲ್ಲಿ ಹೆಂಗಾಯ್ತು ಸೋಡ ಮಾದಪ್ನೋರೆ?" ನಾನು, "ನಮ್ಮಲ್ಲೂ ಎಲ್ಲಾರೂ ಒಟ್ಟಿಗೇ ತಲೆ ಆಡಿಸಿದ್ರು" ಎಂದೆ. ಹಾಗಾದರೆ ಮೇಕೆ ಎಲ್ಲಿ ಹೋಯಿತು ಎಂದು ಯಾರಿಗೂ ಬಗೆಹರಿಯಲಿಲ್ಲ. ಹೆಡ್‌ಮಾಸ್ಟರರು ಡ್ರಿಲ್ ಮೇಷ್ಟ್ರ ಮುಖವನ್ನು ಅನುಮಾನದಿಂದ ನೋಡತೊಡಗಿದರು.

ಸುಳ್ಳು ಹೇಳಿದ್ದೇನೋ ಆಯಿತು, ಆದರೆ ಬೀಗರಿಗೆ ಅನುಮಾನ ಬಂದಿದೆಯೇ ಎಂದು ತಿಳಿಯದೆ ಮನೆಗೆ ಹೋಗಲು ಕಾಲೇಳಲಿಲ್ಲ. ಚಿಕ್ಕಬೋರಯ್ಯನವರ ಮನೆಯ ಹತ್ತಿರ ಹೋದರೆ ಅವರು ಮನೆಯ ಮೇಲೆ ನಿಂತಿದ್ದರು. "ಏನ್ ಬೀಗ್ರೇ, ಮೇಲೆ?" ಎಂದೆ. "ಹೆಂಚು ಸರಿ ಮಾಡ್ತಾ ಇವ್ನಿ" ಎಂದರು. ಅವರದು ತಾರಸಿ ಮನೆ. "ಊಟ ಚೆನ್ನಾಗಿತ್ತಾ ನಿನ್ನೆ?" "ಭಾಳ ಚೆನ್ನಾಗಿತ್ತು. ಎಳೇ ಕುರಿ." "ಎಳೇ ಕುರಿ" ಎಂದು ನಾನೂ ಹೇಳಿದೆ. "ಈರೇಶ ಹೆಂಗವ್ನೆ?" ಎಂದದ್ದಕ್ಕೆ ಅವರ ಮುಖ ಬಾಡಿತು. ಬೆಳಿಗ್ಗೆ ಯಾರದೋ ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡೆಲ್ಲ ಎಡಕ್ಕೆ ತಿರುಗಿದಾಗ ಈರೇಶ ಒಬ್ಬನೇ ಬಲಕ್ಕೆ ತಿರುಗಿ, ಯಾರಿಗೂ ಗೊತ್ತಿಲ್ಲದ ರಾಗ ಊದುತ್ತಾ ಕೆರೆಯ ಏರಿಯ ಮೇಲೆ ಹೋಗಿಬಿಟ್ಟಿದ್ದನಂತೆ. ಮದುವೆ ಗಂಡು ಕುದುರೆಯ ಮೇಲಿಂದ ಕೂಗಿದರೂ ತಿರುಗಿ ನೋಡಲಿಲ್ಲವಂತೆ. "ಬಿಸ್ಲಿಗೆ ಹಂಗಾಗಿರ್ಬೇಕು" ಎಂದರು. "ಬಿಸ್ಲು ಜಾಸ್ತಿ" ಎಂದೆ. ಸ್ವಲ್ಪ ಹೊತ್ತು ಇಬ್ಬರೂ ಬಿಸಿಲನ್ನು ನೋಡಿದೆವು. ಆಮೇಲೆ ಅವರು ನನ್ನನ್ನೇ ದಿಟ್ಟಿಸಿ, "ಅಲ್ಲಾ ಬೀಗ್ರೇ, ನೀವ್ಯಾಕೆ ಕಾಂಪೌಂಡಿನ ಮೇಲೆ ನಿಂತಿದೀರಾ?" ಎಂದು ಕೇಳಿದರು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವರು ತಾರಸಿಯಿಂದ ಇಳಿದರು, ನಾನು ಗೋಡೆಯಿಂದ ಇಳಿದೆ. ಗಟ್ಟಿ ನೆಲದ ಮೇಲೆ ನಿಂತು ಮಾತಾಡಿದರೆ ಎಲ್ಲವೂ ಸುಲಭವಾಗಿ ಕಂಡಿತು. ಆದದ್ದನ್ನು ಯಾರಿಗೂ ಹೇಳುವುದು ಬೇಡ. ಬರುವ ಭಾನುವಾರ ಒಂದು ನಂಬಿಕಸ್ಥ ಕುರಿಯನ್ನು ತಂದು, ಎಲ್ಲರಿಗೂ ಬಡಿಸಿ, ಇನ್ನೊಂದು ಸಲ ಹೂಂ ಅನ್ನಿಸಿಬಿಡುವುದು. ಈ ಮಾತನ್ನು ಆಗಲೇ ಹೇಳಿಬಿಡೋಣ ಎಂದು ಈರೇಶನನ್ನೂ ಕರೆದುಕೊಂಡು ಮೂವರೂ ನಮ್ಮ ಮನೆಗೆ ಬಂದೆವು. ದಾರಿಯಲ್ಲಿ ಮೂವರೂ ಬೇರೆ ಬೇರೆ ಗಲ್ಲಿಗಳಲ್ಲಿ ಹೋದದ್ದರಿಂದ ತಲುಪುವುದು ತಡವಾಯಿತು.

ಕಮಲಿ ಸೋಡ ಮಿಷನ್ನಿನ ಚಕ್ರ ತಿರುಗಿಸುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಚಕ್ರ ನಿಲ್ಲಿಸಿ ಸೊಂಟದ ಮೇಲೆ ಕೈ ಇಟ್ಟಳು. "ನಾನ್ಯಾಕೆ ಇನ್ನೊಂದ್ಸಲ ಹೂಂ ಅನ್ಲಿ? ಅಂದಾಯ್ತಲ್ಲ."

"ಅದು ಲೆಕ್ಕಕ್ಕಿಲ್ಲ ಕಣವ್ವ, ತಮಟೆ ಹೊಡ್ದು ಸಾರವ್ರೆ" ಎಂದು ಚಿಕ್ಕಬೋರಯ್ಯನವರು ಮೆತ್ತಗೆ ಹೇಳಿದರು.

"ಯಾಕಿಲ್ಲ ಮಾವ? ಕುರಿ ತಿಂದು ಅಂದಿದ್ರೆ ಅದು ನಿಮ್ಮ ಹೂಂ ಆಗಿರೋದು, ಇಲ್ಲಾ ನಮ್ಮಪ್ಪಂದು. ನಾನು ಮರದ ಮೇಲೆ ಕೂತ್ಕಂಡು ಬೇಡ ಅನ್ನೋಕೆ ಏನೇನೈತೆ ಅಂತ ಎಲ್ಲಾ ಹುಡುಕ್ದೆ. ಬೇಕಾದಷ್ಟು ಸಿಕ್ತು. ಇವ್ರು ಕೆಳಗೆ ಬಂದು ನಿಂತ್ರು. ಇಳಿ ಅಂತ್ಲೂ ಅನ್ಲಿಲ್ಲ, ಹಿಂದೇನೇ ಹತ್ತೂ ಬರ್ಲಿಲ್ಲ. ಎಡಗಡೆ ಕೊಂಬೆ ಟೊಳ್ಳು, ಬಲಗಡೆ ಕೂತ್ಕೋ ಅಂದ್ರು. ಅಷ್ಟೇ. ಆಮೇಲೆ ನಾನೇ ಇಳ್ದು ಬಂದು ಹೂಂ ಅಂದೆ. ಆ ಹೂಂ ಕೆಡ್ಸೋಕೆ ಒಂದು ಕುರಿ ಕುಯ್ತೀರಾ?"

ಎಲ್ಲರೂ ಈರೇಶನ ಕಡೆ ನೋಡಿದೆವು. ಅವನು ಆಗಲೇ ಸೋಡಪೆಟ್ಟಿಗೆಗಳ ಮೇಲೆ ಹತ್ತಿ ಕೂತಿದ್ದ. ಕಿವಿ ಕೆಂಪಗೆ ಮಾಡಿಕೊಂಡು, "ನಂಗೂ ಇನ್ನೊಂದು ಊಟ ಬೇಡ" ಎಂದ. ಚಿಕ್ಕಬೋರಯ್ಯನವರು ಕೊನೆಯ ದಾರಿ ಹುಡುಕಿದರು. "ಅಲ್ಲಾ, ನಾವು ತಿಂದಿದ್ದು ಮೇಕೇನೇ ಅಂತ ಖಾತ್ರಿ ಎಲ್ಲೈತೆ? ಹೆಡ್‌ಮಾಸ್ಟ್ರು ಮನೇದೂ ಇರ್ಬೋದು. ನಮ್ದು ಕುರಿ ಅಂದ್ಕಂಡು ಸುಮ್ಕಾಗ್ಬಿಡುವಾ."

ಆಗ ನಿಂಗಾಜಿ ಒಳಗಿನಿಂದ ಬಂದು ಹೊಸಿಲ ಮೇಲೆ ನಿಂತಳು. "ಮೇಕೇನೇ ಅಣ್ಣ. ನಿನ್ನೆ ಬೆಳಿಗ್ಗೆ ಬಾಡು ತೊಳೆಯೋವಾಗ ಬಾಲ ನೋಡ್ದೆ. ಗಿಡ್ಡಕೆ, ಮೇಲಕ್ಕೆ ನಿಂತಿತ್ತು. ಕುರಿ ಬಾಲ ಎಲ್ಲಾದ್ರೂ ಮೇಲಕ್ಕೆ ನಿಂತಿರ್ತದಾ?" ನಡತೆ ಬಿಟ್ಟು ಬಾಲ ನೋಡಬಹುದು ಎಂಬುದೇ ನಮ್ಮೂರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಕಷಾಯ, ಉಪ್ಪುನೀರು, ಡ್ರಮ್ಮಿನ ಮುಂದೆ ಹೇಳಿದ ಸುಳ್ಳು, ಎಲ್ಲವೂ ಒಟ್ಟಿಗೆ ನೆನಪಾದವು. "ಗೊತ್ತಿದ್ದೂ ಬೇಯಿಸ್ದಾ? ಮಗಳ ಮದುವೆ ಮಾತಿಗೆ? ನಂಗೊಂದು ಮಾತು ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ವಾಪಸ್ ಕೊಟ್ಟು ಕುರಿ ತರ್ತಿದ್ರಿ" ಎಂದಳು. ಆಮೇಲೆ ಕಮಲಿಯ ಕಡೆ ನೋಡುತ್ತಾ, ದನಿ ಏರಿಸದೆ ಹೇಳಿದಳು: "ನಂಗೆ ಹೂಂ ಅನ್ನಿಸೋವಾಗ ಯಾರೂ ಮೇಕೆ ಬೇಯ್ಸಿರ್ಲಿಲ್ಲ. ಇವ್ಳಿಗಾದ್ರೂ ಬೇಯಲಿ ಅಂತ ಒಲೆ ಹಚ್ದೆ." ಹೇಳಿ, ಬೀಗರಿಗೆ ಕಾಫಿ ಕಾಯಿಸಲು ಒಳಗೆ ಹೋದಳು.

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅದರ ಜಾಗದಲ್ಲಿ ತುಂಬಾ ದುಃಖವಾಯಿತು, ಭಯವೂ ಆಯಿತು. ಮಗಳಿಗೆ ಮದುವೆ ಮಾಡುವಷ್ಟು ಕಾಲ ಜೊತೆಯಲ್ಲಿ ಸಂಸಾರ ಮಾಡಿದ ಮೇಲೂ, ಈ ಹೆಂಗಸು ನನ್ನನ್ನು ಒಪ್ಪಿದ್ದಳೋ, ಅವಳ ಅಜ್ಜಿಯ ಹಿಂದೆ ತಲೆಯಾಡಿಸಿದ್ದಳೋ ನನಗೆ ಗೊತ್ತಿಲ್ಲ. ಸೀಸೆಯೊಳಗೆ ಕೂದಲೆಳೆ ಇದ್ದರೂ ಕಂಡುಹಿಡಿಯುವ ನಾನು ಇದೊಂದನ್ನು ಬಿಸಿಲಿಗೆ ಹಿಡಿದು ನೋಡಿಯೇ ಇರಲಿಲ್ಲ. ಕಾಫಿ ಬಂತು. ಚಿಕ್ಕಬೋರಯ್ಯನವರು ಕುಡಿದು, ಲೋಟದ ಅಂಚನ್ನು ಸ್ವಲ್ಪ ಕಚ್ಚಿ ನೋಡಿ, "ಹೋಗ್ಲಿ ಬುಡಿ ಬೀಗ್ರೇ, ಇದೇ ಹೂಂ ಇರ್ಲಿ" ಎಂದರು.

ಮದುವೆ ಮುಂದಿನ ತಿಂಗಳೇ ಎಂದು ನಿಶ್ಚಯವಾಯಿತು. ಮೇಕೆ ಬೆಂದದ್ದು ನಮ್ಮ ಮನೆಯಲ್ಲೇ ಎಂಬುದು ಹೇಗೋ ಹೊರಬಿದ್ದು ಊರಿನವರು ಮೂಗು ಮುರಿದರು. ಮೇಕೆಯ ಮಾತು ಎಷ್ಟು ದಿನ ನಿಂತೀತು ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡರು. ಆದರೆ ಅವರೆಲ್ಲ ಒಟ್ಟಿಗೇ ಆಡಿಕೊಂಡದ್ದರಿಂದ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಆ ಭಾನುವಾರ ನಾನು ಚೀಲ ಹಿಡಿದು ಸಿದ್ರಾಮಣ್ಣನ ಅಂಗಡಿಗೆ ಹೋದೆ. "ಮೇಕೆ ಕೊಡು" ಎಂದೆ. ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. "ವಕೀಲ್ರ ಮನೆಗಾ ಮಾದಪ್ನೋರೆ?" "ನಮ್ಮನೆಗೆ. ಬಾಲ ತೋರಿಸಿ ಕೊಡು." ಸಿದ್ರಾಮಣ್ಣ ತೋರಿಸಿದ. ಗಿಡ್ಡಕೆ, ಮೇಲಕ್ಕೆ ನಿಂತಿತ್ತು. ಮನೆಗೆ ಬಂದು ನಾನೇ ಮಸಾಲೆ ಅರೆದೆ, ನಾನೇ ಮುದ್ದೆ ತೊಳಸಿದೆ. ಮುದ್ದೆಯಲ್ಲಿ ಗಂಟು ಇತ್ತು. ನಿಂಗಾಜಿ ಬಾಲವನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು, ಕೂತು ಉಂಡಳು. ಕೈ ತೊಳೆದುಕೊಂಡ ಮೇಲೆ ನಾನು ಧೈರ್ಯ ಮಾಡಿ, "ನಿಂಗಾಜಿ, ಈಗ ಕೇಳ್ತೀನಿ. ನಾನು ನಿಂಗೆ ಒಪ್ಪಿಗೆಯಾ?" ಎಂದೆ. ಕೇಳುವಾಗ ನನ್ನ ದನಿ ಮೇಕೆಯದಕ್ಕಿಂತ ಹೆಚ್ಚು ನಡುಗಿತು. ಅವಳು ಎದ್ದು ಹಿತ್ತಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಲಿಟ್ಟು, ಅಲ್ಲಿಂದ ನೀರಿನ ತೊಟ್ಟಿಯ ಅಂಚು, ಅಲ್ಲಿಂದ ಗೋಡೆ. ಇಷ್ಟು ಸಲೀಸಾಗಿ ಹತ್ತುತ್ತಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ಗೋಡೆಯ ಮೇಲೆ ಕೂತು, ಹುಣಸೆಯ ಚಿಗುರು ಕಿತ್ತು ಬಾಯಿಗೆ ಹಾಕಿಕೊಂಡು, ದೂರ ನೋಡುತ್ತಾ, "ಯೋಚ್ನೆ ಮಾಡಿ ಹೇಳ್ತೀನಿ" ಎಂದಳು.

ಅಂದಿನಿಂದ ಪ್ರತಿ ಭಾನುವಾರವೂ ನಮ್ಮ ಮನೆಯಲ್ಲಿ ಮೇಕೆ. ಕಮಲಿಯ ಮದುವೆಯೂ ಆಗಿಹೋಯಿತು, ಬ್ಯಾಂಡಿನವರು ಆ ದಿನ ತಮಗೆ ತೋಚಿದ್ದನ್ನು ಬಾರಿಸಿದರು. ನಾನು ಪ್ರತಿ ಸಲವೂ ಕೇಳುತ್ತೇನೆ, ನಿಂಗಾಜಿ ಪ್ರತಿ ಸಲವೂ ಗೋಡೆ ಹತ್ತುತ್ತಾಳೆ. ಇನ್ನೂ ಹೇಳಿಲ್ಲ. ಆದರೆ ಹೋದ ವಾರ ನಾನೂ ಹಿಂದೆ ಹತ್ತಲು ಹೋದಾಗ ಅವಳು ಕೆಳಗೆ ನೋಡಿ, "ಎಡಗಡೆ ಕಲ್ಲು ಅಲ್ಲಾಡ್ತದೆ, ಬಲಗಡೆ ಬನ್ನಿ" ಎಂದು ಸ್ವಲ್ಪ ಸರಿದು ಕೂತಳು.